ಪರಲೋಕಕ್ಕೆ ಹೋಗದ ರುದ್ರಪ್ಪ

“ನಿಮ್ಮ ಯಜಮಾನರು ಪರಲೋಕಕ್ಕೆ ಹೋಗಿಲ್ಲ, ಸಿಸ್ಟರ್.”

ಕಳೆದ ಭಾನುವಾರ ಪಕ್ಕದ ಮನೆಯ ಹಾಲ್‌ನಲ್ಲಿ ಈ ಮಾತು ಬಿದ್ದದ್ದೇ ತಡ, ಚಾಪೆಯ ಮೇಲೆ ಕೂತಿದ್ದ ನಿಂಗಮ್ಮ ಗೋಡೆ ಹಿಡಿದು ಎದ್ದೇಬಿಟ್ಟರು. “ಅಂಗಾದ್ರೆ ನನ್ ಮಗ ಬದುಕವ್ನಾ? ಎಲ್ಲವ್ನಪ್ಪಾ?”

ನಗಬೇಡಿ. ನಾನೂ ನಗಲಿಲ್ಲ. ಗುಬ್ಬಿ ಕಡೆಯ ಆ ಮುದುಕಿಗೆ ‘ಪರಲೋಕಕ್ಕೆ ಹೋದ’ ಅಂದರೆ ಸತ್ತ ಅಂತ. ನಿಮಗೂ ನನಗೂ ಅಷ್ಟೇ ತಾನೆ? ಹೋಗಿಲ್ಲ ಅಂದರೆ ಸತ್ತಿಲ್ಲ. ಆದರೆ ಕುಣಿಗಲ್‌ನಿಂದ ಬಂದು ಈ ಮಾತಾಡಿದ ಬೋಧಕರ ಭಾಷೆಯಲ್ಲಿ ಪರಲೋಕ ಅಂದರೆ ಸ್ವರ್ಗ, ದೇವರ ಸನ್ನಿಧಿ. ಅಲ್ಲಿಗೆ ಕ್ರೈಸ್ತರಲ್ಲದವರಿಗೆ ಪ್ರವೇಶವಿಲ್ಲ.

ಶೆಟ್ಟಿಹಳ್ಳಿಯ ನಮ್ಮ ಪಕ್ಕದ ಮನೆಯ ಸ್ಟೆಲ್ಲಾ ಟೀಚರ್ ಕ್ರೈಸ್ತರು. ಅವರ ಗಂಡ ರುದ್ರಪ್ಪ, ನಿಂಗಮ್ಮನ ಮಗ, ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್. ಮದುವೆಯಾದ ಮೇಲೂ ಆತ ತನ್ನ ಧರ್ಮ ಬಿಡಲಿಲ್ಲ, ಹೆಂಡತಿಯದಕ್ಕೆ ಅಡ್ಡಿಯೂ ಬರಲಿಲ್ಲ. ಭಾನುವಾರ ಲೂನಾದಲ್ಲಿ ಟೀಚರನ್ನು ಚರ್ಚಿಗೆ ಬಿಟ್ಟು, ಆರಾಧನೆ ಮುಗಿಯುವವರೆಗೆ ಎದುರಿನ ಹೋಟೆಲಿನಲ್ಲಿ ಪೇಪರ್ ಓದುತ್ತಿದ್ದ. ಕಳೆದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟ.

ವರ್ಷ ತುಂಬಿತೆಂದು ಟೀಚರ್ ಮನೆಯಲ್ಲಿ ಪ್ರಾರ್ಥನೆ ಇಟ್ಟು, ಅತ್ತೆಯನ್ನೂ ಕರೆಸಿದ್ದರು. (ನಾನು ಹೋಗಿದ್ದು ನಮ್ಮ ಮನೆಯ ಮಡಚುವ ಕುರ್ಚಿಗಳನ್ನು ಕೊಡಲು. ಕುರ್ಚಿ ಕೊಟ್ಟವನನ್ನು ಕೂರಿಸದೆ ಬಿಡುತ್ತಾರೆಯೇ?) ಅವರ ಚರ್ಚಿನ ಪಾದ್ರಿಗಳಿಗೆ ಜ್ವರ. ಅದಕ್ಕೇ ಈ ಹೊಸ ಬೋಧಕರು. ಟೀಚರ್ ಅವರಲ್ಲಿ ಕೇಳಿಕೊಂಡಿದ್ದು ಒಂದೇ ಮಾತು: “ನಾವಿಬ್ರೂ ಮತ್ತೆ ಸೇರ್ತೀವಿ ಅಂತ ಪ್ರಾರ್ಥನೆಯಲ್ಲಿ ಒಂದ್ಸಲ ಹೇಳಿ.”

ಹೇಳಿದ್ದರೆ ಗಂಟೇನು ಹೋಗುತ್ತಿತ್ತು? ಆ ಮಹಾನುಭಾವರು ಪರಲೋಕದ ರೂಲ್ಸ್ ತೆಗೆದರು.

“ಇಲ್ಲ ಅತ್ತೆ, ಅವರು ಹೋಗಿದಾರೆ. ಇವರು ಹೇಳ್ತಿರೋದು ಬೇರೆ,” ಎಂದು ಟೀಚರ್ ಮುದುಕಿಯನ್ನು ಕೂರಿಸಿದರು. ವರ್ಷದ ಹಿಂದೆ ಸತ್ತ ಮಗ ಆ ತಾಯಿಗೆ ಇನ್ನೊಮ್ಮೆ ಸತ್ತ. ನನಗೆ ಮೈಯೆಲ್ಲಾ ಉರಿದುಹೋಯಿತು.

ಟೀಚರ್ ಬೋಧಕರ ಕಡೆ ತಿರುಗಿದರು. “ಅವರಿಲ್ದೆ ನಾನಲ್ಲಿ ಸಂತೋಷವಾಗಿ ಹೇಗಿರ್ಲಿ?”

“ಅಲ್ಲಿ ದುಃಖವೇ ಇರಲ್ಲ ಸಿಸ್ಟರ್. ಅವರ ನೆನಪನ್ನೇ ದೇವರು ತೆಗೆದುಬಿಡ್ತಾರೆ.”

ಅಲ್ಲ ಸ್ವಾಮಿ, ಇದೇನು ಹುಳುಕು ಹಲ್ಲು ಕೀಳುವ ಕೆಲಸವೇ?

ಕ್ಯಾತ್ಸಂದ್ರದಿಂದ ಬಂದಿದ್ದ ಟೀಚರ ಚಿಕ್ಕಪ್ಪ ಕೆಮ್ಮಿದರು. “ನೆನಪು ಯಾಕಪ್ಪ ಹೋಗ್ಬೇಕು? ದೇವರ ಮುಖ ನೋಡಿದ್ಮೇಲೆ ಬೇರೆ ಕೊರತೆ ಕಾಣಲ್ಲ ಅಂತಿದ್ರು ನಮ್ ಹಿರಿಯರು. ಅಲ್ದೆ ರುದ್ರಪ್ಪ ಎಲ್ಲಿದಾನೆ ಅನ್ನೋದು ಅವನನ್ನ ಹುಟ್ಟಿಸಿದೋನಿಗೆ ಗೊತ್ತು. ನೀನ್ಯಾರು ತೀರ್ಪು ಕೊಡೋಕೆ?” ಬೋಧಕರು ಬಿಡುತ್ತಾರೆಯೇ? ಶುರುವಾಯಿತು ಡಿಬೇಟು. ಟೀಚರ್ ಒಳಗಿಂದ ತಂದ ಕಾಫಿ ಟ್ರೇ ಹಿಡಿದುಕೊಂಡು ನಿಂತೇ ಇದ್ದರು. ಯಾರೂ ಅತ್ತ ನೋಡಲಿಲ್ಲ.

(ನಮ್ಮವರೇನು ಕಡಿಮೆಯೇ? ರುದ್ರಪ್ಪ ಸತ್ತಾಗ ಗುಬ್ಬಿಯ ನೆಂಟರು, ‘ಜಾತಿ ಬಿಟ್ಟು ಮದುವೆಯಾದವನಿಗೆ ಮುಕ್ತಿ ಎಲ್ಲಿಂದ’ ಎಂದು ನೀರೂ ಮುಟ್ಟದೆ ಬಸ್ ಹತ್ತಿದ್ದರು. ಆ ಕಡೆಯೂ ಸೀಟಿಲ್ಲ, ಈ ಕಡೆಯೂ ಸೀಟಿಲ್ಲ. ಪಾಪ, ಅವನು ಹೋಗುವುದಾದರೂ ಎಲ್ಲಿಗೆ?)

ನಿಂಗಮ್ಮ ಸೊಸೆಯ ಸೆರಗು ಜಗ್ಗಿದರು. “ಅಲ್ಲಿಗೋದ್ರೆ ನನ್ ಮಗನ್ ನೆಪ್ಪೇ ಇರಕಿಲ್ವಂತಾ? ಹೋಗ್ಬ್ಯಾಡ ಬುಡವ್ವ.”

“ಹೋಗ್ತೀನಿ ಅತ್ತೆ, ನಾನು ನಂಬಿರೋ ದೇವರಲ್ವಾ,” ಎಂದರು ಟೀಚರ್. “ಆದ್ರೆ ಹೋದ ತಕ್ಷಣ ಕೇಳ್ತೀನಿ, ನಮ್ಮನೆಯವ್ರೆಲ್ಲಿ ಅಂತ.” ಆಮೇಲೆ ಬೋಧಕರಿಗೆ ಹೇಳಿದರು, “ನನ್ನ ನೆನಪು ತೆಗೀಬೇಡಪ್ಪ ಅಂತ ಪ್ರಾರ್ಥನೆ ಮಾಡಿ. ಅಷ್ಟು ಸಾಕು.”

“ಅಂಥ ಪ್ರಾರ್ಥನೆ ಇಲ್ಲ ಸಿಸ್ಟರ್.”

ಟೀಚರ್ ಟ್ರೇ ಕೆಳಗಿಟ್ಟರು. ಕಣ್ಣು ಮುಚ್ಚಿ, ಇಲ್ಲದ ಆ ಪ್ರಾರ್ಥನೆಯನ್ನು ತಾವೇ ಮಾಡಿದರು. ನಿಂಗಮ್ಮ ಏನೂ ತಿಳಿಯದೆ ಕೈಮುಗಿದರು. ಚಿಕ್ಕಪ್ಪ ಗಟ್ಟಿಯಾಗಿ ಆಮೆನ್ ಅಂದರು. ಬೋಧಕರಿಗೆ ತಟ್ಟನೆ ಕುಣಿಗಲ್ ಬಸ್ಸಿನ ಟೈಮು ನೆನಪಾಯಿತು.

ನನಗೆ ಧರ್ಮಶಾಸ್ತ್ರ ಗೊತ್ತಿಲ್ಲ, ಸ್ವರ್ಗದ ವಿಳಾಸವಂತೂ ಮೊದಲೇ ಗೊತ್ತಿಲ್ಲ. ಆದರೂ ಕೇಳುತ್ತೇನೆ: ರುದ್ರಪ್ಪನನ್ನು ಮರೆತು ಅಲ್ಲಿ ನಗುತ್ತಾ ಕೂರುವ ಹೆಂಗಸು ಯಾರಾದರೂ ಆಗಿರಲಿ, ನಮ್ಮ ಸ್ಟೆಲ್ಲಾ ಟೀಚರ್ ಹೇಗಾದಾರು?