ಹಿಂದಿನ ಸೀಟಿನ ಟೆಸ್ಟ್ ಡ್ರೈವ್

ಮಂಗಳೂರಿನ ಬಿಜೈಯ ಒಂದು ಕಾರು ಶೋರೂಮಿನಲ್ಲಿ ನಾನು ಸೇಲ್ಸ್‌ನವ. ಹೊಸ ರೂಪದ ಸಣ್ಣ ಕಾರು ಬಂದ ವಾರ, ಕುವೈತಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಒಬ್ಬ ಮೇಡಂ ನೋಡಲು ಬಂದರು. ಹಿಂದಕ್ಕೆ ಇಳಿಜಾರಾದ ಟಾಪಿನ ಚಂದ, ಇಂಜಿನ್ನಿನ ಪವರು, ಮೈಲೇಜು, ಎಲ್ಲ ಬಾಯಿಪಾಠ ಒಪ್ಪಿಸಿದೆ.

"ಅದಿರಲಿ ಮಾರಾಯ. ನೀನು ಹಿಂದಿನ ಸೀಟಲ್ಲಿ ಮಲಗು."

"ಎಂತಕ್ಕೆ ಮೇಡಂ?"

"ನಮ್ಮ ಯಜಮಾನರಿಗೆ ಹಾರ್ಟಿನ ತೊಂದರೆ ಉಂಟು. ಅರ್ಜೆಂಟ್ ಆದರೆ ಮಲಗಿಸಿಯೇ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಅವರೂ ನಿನ್ನಷ್ಟೇ ಉದ್ದ."

ಟೈ ಕಟ್ಟಿಕೊಂಡೇ ಮಲಗಿದೆ. ಮೊಣಕಾಲು ಮಡಚಿದರೂ ತಲೆ ಬಾಗಿಲಿಗೆ ತಾಗುತ್ತಿತ್ತು. ಮೇಡಂ ತಾವೇ ಸ್ಟೇರಿಂಗ್ ಹಿಡಿದು, ಎಸಿ ಹಾಕಿ, ಹಾರ್ನ್ ಒತ್ತುತ್ತಾ, ಬಿಕರ್ನಕಟ್ಟೆಯ ಏರಿನಲ್ಲಿ ಎರಡು ಬಸ್ಸುಗಳ ನಡುವೆ ನುಗ್ಗಿಸಿದರು.

ಮೇಲೆ ನಿಲ್ಲಿಸಿ, ತಿರುಗಿ ನನ್ನ ಮಣಿಕಟ್ಟು ಹಿಡಿದರು. ವಾಚು ನೋಡುತ್ತಾ ಒಂದು ನಿಮಿಷ ಪೂರ್ತಿ ನಾಡಿ ಎಣಿಸಿದರು.

"ಗಾಡಿಗೆ ಎಂತ ತೊಂದರೆ ಇಲ್ಲ. ನಿನ್ನ ನಾಡಿ ಬಿಟ್ಟು ಬಿಟ್ಟು ಹೊಡೀತಾ ಉಂಟು. ಎಷ್ಟು ಸಮಯದಿಂದ?"

ತಮಾಷೆ ಎಂದುಕೊಂಡೆ. ಅವರು ನಗಲಿಲ್ಲ. ಏಳಲು ಹೋದೆ, "ಹಾಗೇ ಮಲಗು" ಎಂದು ಗದರಿಸಿ ಗಾಡಿಯನ್ನು ಆಸ್ಪತ್ರೆಯ ಕಡೆ ತಿರುಗಿಸಿದರು.

ಇಸಿಜಿ ನೋಡಿದ ಡಾಕ್ಟರೂ ಅದನ್ನೇ ಹೇಳಿದರು. ಮರುದಿನ ಮೇಡಂ ಕಾರು ಬುಕ್ ಮಾಡಿದರು, ನಾನು ಮಾತ್ರೆ ಶುರು ಮಾಡಿದೆ. ಮೈಲೇಜು ಎಷ್ಟು ಎಂದು ಅವರು ಇವತ್ತಿನವರೆಗೆ ಕೇಳಿಲ್ಲ. ಫೋನ್ ಮಾಡಿದಾಗಲೆಲ್ಲ ಕೇಳುವುದು ನನ್ನ ಮಾತ್ರೆಯ ವಿಷಯ.