ನಾಲ್ಕನೇ ತಟ್ಟೆ

ಉಪ್ಪಕ್ಕ ಅನ್ನುವುದು ಬೀದಿಯವರು ಇಟ್ಟ ಹೆಸರು. ಉಪ್ಪನ್ನು ಕೈಯಳತೆಯಲ್ಲೇ ಹಾಕುತ್ತಿದ್ದಳು, ರುಚಿ ನೋಡುತ್ತಿರಲಿಲ್ಲ, ಒಂದು ದಿನವೂ ಹೆಚ್ಚುಕಡಿಮೆ ಆಗಿದ್ದಿಲ್ಲ. ಬೀದಿಯ ಮಕ್ಕಳೆಲ್ಲ ನಾವು ಅವಳನ್ನು ಅಮ್ಮನನ್ನು ಕರೆದ ಹಾಗೆ ಏಕವಚನದಲ್ಲೇ ಕರೆಯುತ್ತಿದ್ದೆವು. ಈಗಲೂ ಹಾಗೇ ಬರೆಯುತ್ತಿದ್ದೇನೆ.

ಮದುವೆಯಾದ ಮೂರನೇ ವರ್ಷಕ್ಕೆ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ತವರಿನಲ್ಲಿ ಅತ್ತಿಗೆಯ ಮುಖ ನೋಡಿಕೊಂಡು ತುತ್ತು ಎತ್ತುವುದಕ್ಕಿಂತ ಕಂಡವರ ಮನೆಯ ಒಲೆ ಮುಂದೆ ನಿಲ್ಲುವುದೇ ವಾಸಿ ಅಂತ, ಇಪ್ಪತ್ತಾರನೇ ವಯಸ್ಸಿಗೆ ನಮ್ಮ ಎದುರುಮನೆಗೆ ಅಡುಗೆಗೆ ಬಂದಳು. ಅದು ಪ್ರಾರ್ಥನಾ ಮಂದಿರದವರ ಮನೆ. ಹೊರದೇಶದಿಂದ ಬರುವ ಪಾದ್ರಿಗಳಿಗೆಂದೇ ಇಟ್ಟಿದ್ದು. ನಡುವೆ ಊಟದ ಮೇಜಿನ ಕೋಣೆ, ಅದಕ್ಕೆ ಅಂಟಿಕೊಂಡು ಅಡುಗೆಮನೆ, ಹಿಂಬದಿಗೆ ಇಸ್ತ್ರಿ ಮೇಜು ಮತ್ತು ಹಳೆಯ ಪೆಟ್ಟಿಗೆಗಳಿದ್ದ ಒಂದು ಕೋಣೆ, ಮೇಲೆ ಮಲಗುವ ಕೋಣೆಗಳು. ಮೊದಲು ಅಲ್ಲಿದ್ದ ವಯಸ್ಸಾದ ಪಾದ್ರಿ ದಂಪತಿಗೆ ಉಪ್ಪಕ್ಕ ಒಂಬತ್ತು ವರ್ಷ ಬೇಯಿಸಿ ಹಾಕಿದಳು. ಅವರು ತಮ್ಮ ದೇಶಕ್ಕೆ ಹಿಂತಿರುಗಿದ ಮೇಲೆ ಎಂಟು ತಿಂಗಳು ಮನೆ ಖಾಲಿ ಇತ್ತು. ಗುಡಿಸಿ ಒರೆಸಿಕೊಂಡು ಇಲ್ಲೇ ಇರು ಅಂತ ಮಂದಿರದವರು ಹೇಳಿದ್ದರಿಂದ ಅಷ್ಟು ದಿನವೂ ಅವಳೊಬ್ಬಳೇ ಇದ್ದಳು.

ಆಮೇಲೆ ಹೊಸ ಸಂಸಾರ ಬಂತು. ಪಾದ್ರಿ ಬಲು ಎತ್ತರದ ಆಸಾಮಿ. ಮೊದಲ ತಿಂಗಳೆಲ್ಲ ನಮ್ಮ ಬಾಗಿಲುಗಳಿಗೆ ಹಣೆ ಚಚ್ಚಿಕೊಳ್ಳುವುದರಲ್ಲೇ ಕಳೆಯಿತು. ಹೆಂಡತಿ ನರ್ಸು. ವಾರಕ್ಕೆರಡು ದಿನ ಮಂದಿರದ ಜಗಲಿಯಲ್ಲಿ ಕೂತು ಗಾಯಗಳಿಗೆ ಪಟ್ಟಿ ಕಟ್ಟುತ್ತಿದ್ದರು. ಎಲ್ಲರೂ ಅವರನ್ನು ಪಾದ್ರಮ್ಮ ಅಂದರು. ಏಳು ವರ್ಷದ ಒಬ್ಬಳೇ ಮಗಳಿಗೆ, ಅವರು ಬಂದ ದಿನವೇ, ಉಪ್ಪಕ್ಕ ಗುಬ್ಬಿ ಅಂತ ಹೆಸರಿಟ್ಟಳು. ಗುಬ್ಬಿಗೂ ನನಗೂ ಒಂದೇ ವಯಸ್ಸು. ನಮ್ಮಪ್ಪನ ಬೈಂಡಿಂಗ್ ಅಂಗಡಿ ಅವರ ಬಾಗಿಲಿಗೆ ನೇರ ಎದುರಿಗಿತ್ತು, ಹಿಂದೆಯೇ ನಮ್ಮ ಮನೆ.

ಭಾಷೆ ಅವರನ್ನು ಚೆನ್ನಾಗಿ ಆಟ ಆಡಿಸಿತು. ಪಾದ್ರಮ್ಮ ಹಾಲಿನವನ ಹತ್ತಿರ ಅರ್ಧ ಲೀಟರ್ ಹಲ್ಲು ಕೇಳಿದರು. ಅವನು ಕೈಯಿಂದ ಬಾಯಿ ಮುಚ್ಚಿಕೊಂಡು ಹೋದ. ಪಾದ್ರಿ ತಮ್ಮ ಮೊದಲ ಪ್ರಸಂಗದಲ್ಲಿ, ದೇವರು ಕುರುಬ, ನಾವೆಲ್ಲ ಅವನ ಕುರ್ಚಿಗಳು ಅಂದುಬಿಟ್ಟರು. ಕೂತವರಲ್ಲಿ ಒಬ್ಬ ಮುದುಕ "ಅದಕ್ಕೇ ಎಲ್ಲರೂ ನಮ್ಮ ಮೇಲೆ ಕೂರ್ತಾರೆ" ಅಂದನಂತೆ. ಆದರೆ ಆ ಗಂಡ ಹೆಂಡತಿಗೆ ಹಮ್ಮು ಇರಲಿಲ್ಲ. ತಪ್ಪಾದರೆ ನಗುತ್ತಿದ್ದರು, ಕೇಳಿ ತಿದ್ದಿಕೊಳ್ಳುತ್ತಿದ್ದರು. ಪಾದ್ರಮ್ಮ ನಮ್ಮಪ್ಪನ ಹತ್ತಿರ ದಪ್ಪ ರಟ್ಟಿನ ನೋಟುಬುಕ್ಕೊಂದನ್ನು ಕಟ್ಟಿಸಿಕೊಂಡು ಇಲ್ಲಿನ ರೀತಿನೀತಿಗಳನ್ನೆಲ್ಲ ಅದರಲ್ಲಿ ಬರೆದಿಡುತ್ತಿದ್ದರು. ಅಂಗಡಿಯವನು ನಾಳೆ ಅಂದರೆ ನಾಳೆ ಅಲ್ಲ. ಬಡಗಿ 'ಬಂದೇಬಿಟ್ಟೆ' ಅಂದರೆ ಇನ್ನೂ ಹೊರಟೇ ಇಲ್ಲ. ಊಟ ಆಯ್ತಾ ಅಂತ ಕೇಳುವವರಿಗೆ ಏನೇನು ತಿಂದೆ ಅಂತ ಹೇಳಬೇಕಾಗಿಲ್ಲ.

ಅದೇ ನೋಟುಬುಕ್ಕಿನಲ್ಲಿ ಇನ್ನೆರಡು ಸಂಗತಿಗಳೂ ಇದ್ದವು. ಊಟಕ್ಕೆ ಮನೆಯವರಿಗಿಂತ ಒಂದು ತಟ್ಟೆ ಹೆಚ್ಚಿಗೆ ಇಡಬೇಕು, ಗೋಡೆ ಕಡೆಯ ಕುರ್ಚಿಯ ಮುಂದೆ. ಅದಕ್ಕೂ ಸ್ವಲ್ಪ ಬಡಿಸಬೇಕು. ಖಾಲಿ ಕೋಣೆಗೆ ಹೋಗುವ ಮುಂಚೆ ಬಾಗಿಲನ್ನು ಎರಡು ಸಲ ತಟ್ಟಿ, ಒಂದು ಉಸಿರಿನಷ್ಟು ಹೊತ್ತು ನಿಂತು, ಆಮೇಲೆ ಒಳಗೆ ಕಾಲಿಡಬೇಕು. ಉಪ್ಪಕ್ಕ ಮೊದಲ ದಿನದಿಂದಲೂ ಹಾಗೇ ಮಾಡುತ್ತಿದ್ದಳು. ಯಾಕೆ ಅಂತ ಅವರು ಕೇಳಲಿಲ್ಲ. ಬಂದ ನಾಡಿನ ಪದ್ಧತಿಯನ್ನು ಪ್ರಶ್ನೆ ಮಾಡುವುದು ಮರ್ಯಾದೆಯಲ್ಲ ಅಂದುಕೊಂಡರು. ಗುಬ್ಬಿಯಂತೂ ತಟ್ಟುವುದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಇಸ್ತ್ರಿ ಬಟ್ಟೆ ತರಲು ದಿನಕ್ಕೆ ಹತ್ತು ಸಲ ಹೋದರೆ ಹತ್ತು ಸಲವೂ ತಟ್ಟಿ ನಿಲ್ಲುತ್ತಿದ್ದಳು.

ಹೀಗೆ ಹನ್ನೊಂದು ತಿಂಗಳು ಕಳೆದ ಮೇಲೆ ನಮ್ಮಮ್ಮ ಅವರನ್ನು ಒಂದು ಮಧ್ಯಾಹ್ನ ಊಟಕ್ಕೆ ಕರೆದಳು. ಎಲ್ಲರೂ ಕೂತರು. ಪಾದ್ರಮ್ಮ ಸುತ್ತ ನೋಡಿ, ತಟ್ಟೆಗಳನ್ನು ಎಣಿಸಿ, ಮೆಲ್ಲಗೆ ಕೇಳಿದರು.

"ಇನ್ನೊಂದು ತಟ್ಟೆ ಬೇಡ್ವಾ?"

"ಯಾರಾದ್ರೂ ಬರೋರಿದಾರಾ?" ಅಂದಳು ಅಮ್ಮ.

"ಇಲ್ಲ. ಆ ತಟ್ಟೆ."

ಅಷ್ಟರಲ್ಲಿ ಗುಬ್ಬಿ ಕೈ ತೊಳೆಯಲು ಒಳಗೆ ಹೋಗಿದ್ದಳು. ನಡುವಿನ ಕೋಣೆಯ ಬಾಗಿಲು ಅರ್ಧ ತೆರೆದೇ ಇತ್ತು. ಅವಳು ಎರಡು ಸಲ ತಟ್ಟಿ ನಿಂತಳು.

"ಒಳಗೆ ಯಾರೂ ಇಲ್ಲ ಮರೀ, ಹೋಗು," ಅಂದರು ಅಪ್ಪ.

"ಗೊತ್ತು ಮಾಮ. ಆದ್ರೂ ತಟ್ಬೇಕಲ್ವಾ."

ಅಪ್ಪ ನಕ್ಕರು. "ಇದು ನಿಮ್ಮ ದೇಶದ ಪದ್ಧತೀನಾ, ಪಾದ್ರಿಗಳೇ?"

ಪಾದ್ರಿ ಹೆಂಡತಿಯ ಮುಖ ನೋಡಿದರು. "ಇಲ್ಲ," ಅಂದರು. "ನಿಮ್ಮದು."

ಅಮ್ಮ ಅನ್ನ ಬಡಿಸುತ್ತಾ ಬೇರೆ ಮಾತು ತೆಗೆದಳು.

ಮಾರನೇ ಬೆಳಿಗ್ಗೆ ಪಾದ್ರಮ್ಮ ಅಡುಗೆಮನೆಗೆ ಹೋಗಿ ಉಪ್ಪಕ್ಕನನ್ನು ಕೇಳಿಯೇಬಿಟ್ಟರು. ಉಪ್ಪಕ್ಕ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ನಿಮ್ಮ ಕಡೇದಲ್ವಾ ಅಮ್ಮಾ ಅದು?"

"ನಮ್ಮ ಕಡೆಯದಾ?"

"ಹೂಂ. ಹಿಂದಿನ ಅಯ್ಯ ಅಮ್ಮನೂ ಹಂಗೇ ಮಾಡ್ತಿದ್ರು. ನಾನು ಬಂದಾಗ ಹಳೇ ಅಡುಗೆ ಅಜ್ಜಿ ಹೇಳ್ಕೊಟ್ಟಿದ್ದು. ಹೊರದೇಶದೋರ ರೀತಿ ಅಂದ್ಕೊಂಡು ನಡೆಸ್ಕೊಂಡು ಬಂದೆ. ನಿಮಗೂ ಬೇಕಾಗಿರುತ್ತೆ ಅಂತ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಇವರು ಅವಳ ಪದ್ಧತಿ ಅಂದುಕೊಂಡಿದ್ದು, ಅವಳು ಇವರದು ಅಂದುಕೊಂಡಿದ್ದು, ಇಬ್ಬರದೂ ಅಲ್ಲ.

ಉಪ್ಪಕ್ಕನಿಗೆ ಆಗ ತಟ್ಟಿದ್ದು ಬೇರೆ. ಖಾಲಿ ಮನೆಯಲ್ಲಿದ್ದ ಆ ಎಂಟು ತಿಂಗಳೂ ಅವಳು ಅಭ್ಯಾಸ ತಪ್ಪಬಾರದು ಅಂತ ಗೋಡೆ ಕಡೆ ತಟ್ಟೆ ಇಟ್ಟಿದ್ದಳು. ಎದುರಿಗೆ ತಾನು ಕೂತು, ತನ್ನಷ್ಟಕ್ಕೆ ತಾನು ಮಾತಾಡಿಕೊಂಡು ಉಣ್ಣುತ್ತಿದ್ದಳು. ಅತ್ತಿಗೆಯ ಕುಹಕ, ಗಂಡ ಬದುಕಿದ್ದಾಗ ಕುಡಿದು ಬಂದು ಹೊಡೆದದ್ದು, ಅವನು ಸತ್ತಾಗ ತನಗೆ ಅಳು ಬರದೇ ಹೋದದ್ದು. ಯಾರಿಗೂ ಹೇಳದ ಮಾತುಗಳು. ಎಷ್ಟೋ ವರ್ಷದ ಮೇಲೆ ನನಗೆ ಇದನ್ನು ಹೇಳುವಾಗಲೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ಹೆದರಿಕೆ ಆಗ್ಲಿಲ್ಲ ಕಣೇ," ಅಂದಳು, "ನಾಚಿಕೆ ಆಯ್ತು. ಯಾರೋ ಏನೋ, ಅವರ ಮುಂದೆ ಹೇಳಬಾರದ್ದೆಲ್ಲ ಹೇಳಿಬಿಟ್ಟಿದ್ನಲ್ಲ."

ಹಳೇ ಅಡುಗೆ ಅಜ್ಜಿ ಊರಿನ ಆಚೆ ತುದಿಯಲ್ಲಿ ಮಗಳ ಮನೆಯಲ್ಲಿದ್ದಳು. ಉಪ್ಪಕ್ಕ ಪಾದ್ರಮ್ಮನನ್ನು ಕರೆದುಕೊಂಡು ಹೋದಳು. ಅಜ್ಜಿಗೆ ಪೂರ್ತಿ ಕಿವುಡು, ಒಂಬತ್ತನೇ ವಯಸ್ಸಿನ ಜ್ವರದಲ್ಲಿ ಕಿವಿ ಹೋಗಿತ್ತು. ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದಳು. ಉಪ್ಪಕ್ಕ ಅವಳ ಎದುರು ಕೂತು ಬಿಡಿಸಿ ಬಿಡಿಸಿ ಕೇಳಿದಳು.

"ಅಜ್ಜೀ, ಆ ಮನೇಲಿ ಇನ್ನೊಂದು ತಟ್ಟೆ ಇಡು ಅಂತ ನಿಂಗೆ ಹೇಳಿದ್ಯಾರು?"

"ಹಿಂದಿನ ಕೋಣೆಯೋರು."

"ಅಲ್ಲಿ ಯಾರೂ ಇರ್ಲಿಲ್ವಲ್ಲ."

"ಕಣ್ಣಿಗೆ ಕಾಣ್ಲಿಲ್ಲ. ಒಂದಿನ ಬಟ್ಟೆ ತಗೊಂಡು ದಡಕ್ಕನೆ ಒಳಗೆ ಹೋದೆ. 'ತಟ್ಟಿ ಬಾ, ನಂಗೂ ಬಡಿಸು' ಅಂದ್ರು. ಕೋಪ ಇರ್ಲಿಲ್ಲ ಮಾತಲ್ಲಿ. ತುಂಬಾ ಸಣ್ಣ ದನಿ."

ಪಾದ್ರಮ್ಮ ತಡೆಯಲಾರದೆ ಕೇಳಿದರು. "ನಿಮಗೆ ಕಿವಿ ಕೇಳಲ್ವಲ್ಲ ಅಜ್ಜೀ?"

ಅಜ್ಜಿ ಅವರ ತುಟಿಯನ್ನೇ ದಿಟ್ಟಿಸಿ, ತನ್ನ ಕಿವಿ ಮುಟ್ಟಿ ತೋರಿಸಿದಳು. "ನಮ್ಮವ್ವನ ದನೀನೇ ಮರೆತುಹೋಗಿದೆ ನಂಗೆ. ಜ್ವರ ಬಂದಮೇಲೆ ಕೇಳಿಸಿದ್ದು ಅಂದ್ರೆ ಅದೊಂದೇ. ಅದಕ್ಕೇ ಇಲ್ಲ ಅನ್ನೋಕಾಗ್ಲಿಲ್ಲ."

ಪಾದ್ರಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಗದರಲಿಲ್ಲ, ಹಾಸ್ಯ ಮಾಡಲಿಲ್ಲ. ಹಿಂದಿನ ಕೋಣೆಗೆ ಹೋಗಿ ಮೊಣಕಾಲೂರಿ ಬಹಳ ಹೊತ್ತು ಪ್ರಾರ್ಥನೆ ಮಾಡಿದರು. ಹೊರಗೆ ಬಂದು ಚಿಲಕ ಹಾಕಿ, "ಇವತ್ತಿನಿಂದ ಮೂರೇ ತಟ್ಟೆ ಉಪ್ಪಕ್ಕ" ಅಂದರು. "ಆಗಲಿ ಅಯ್ಯಾ" ಅಂದಳು.

ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಶನಿವಾರ. ಅಪ್ಪ ಕಟ್ಟಿಕೊಟ್ಟ ಮಂದಿರದ ಹಾಡಿನ ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ನಾನು ಅವರ ಮನೆಗೆ ಹೋದೆ. ಮಧ್ಯಾಹ್ನ ಒಂದು ಗಂಟೆ ಇರಬೇಕು, ಕಿಟಕಿಯಿಂದ ಚುರುಚುರು ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಮೂವರೂ ಊಟಕ್ಕೆ ಕೂತಿದ್ದರು. ಉಪ್ಪಕ್ಕ ಬಡಿಸುವ ಸೌಟು ಹಿಡಿದು ನಿಂತಿದ್ದಳು. ಪುಸ್ತಕಗಳನ್ನು ಎಲ್ಲಿಡಲಿ ಅಂತ ನಾನು ಕೇಳುವಷ್ಟರಲ್ಲಿ ಹಿಂದಿನ ಕೋಣೆಯ ಬಾಗಿಲು ಸದ್ದಾಯಿತು. ಎರಡು ಸಲ. ಬೆರಳ ಗೆಣ್ಣಿನಿಂದ ತಟ್ಟಿದ ಹಾಗೆ, ಒಳಗಿನಿಂದ.

ಆಮೇಲೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಾಯಿತು.

ಮತ್ತೆ ಎರಡು ಸಲ.

ಹೊರಗಿನಿಂದ ಹಾಕಿದ ಚಿಲಕ ಹಾಕಿದಂತೆಯೇ ಇತ್ತು. ನಾನು ಕಣ್ಣಾರೆ ಕಂಡಿದ್ದೇನೆ, ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ನಿಂತವಳು ನಾನೇ. ಪಾದ್ರಮ್ಮ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. ಪಾದ್ರಿ ಅರ್ಧ ಎದ್ದವರು ಹಾಗೇ ನಿಂತರು. ಜೋರಾಗಿ ಬಡಿದಿದ್ದರೆ ಎಲ್ಲರೂ ಹೊರಗೆ ಓಡುತ್ತಿದ್ದೆವೋ ಏನೋ. ಆದರೆ ಅದು ಮರ್ಯಾದಸ್ಥರು ಅಪ್ಪಣೆ ಕೇಳುವ ಸದ್ದು. ಮೈ ಜುಮ್ಮೆಂದದ್ದು ಅದಕ್ಕೇ.

ಗುಬ್ಬಿ ಒಬ್ಬಳೇ ಹೆದರಲಿಲ್ಲ. ಬಾಗಿಲ ಕಡೆ ತಿರುಗಿ, ನಮ್ಮ ಭಾಷೆಯಲ್ಲೇ, ಮನೆಗೆ ಬಂದ ದೊಡ್ಡವರಿಗೆ ಹೇಳುವ ಹಾಗೆ, "ಬನ್ನಿ, ಊಟಕ್ಕೆ ಕೂತಿದೀವಿ" ಅಂದಳು.

ಬಾಗಿಲು ತೆರೆಯಲಿಲ್ಲ. ಯಾರೂ ಬಂದಂತೆ ಕಾಣಲಿಲ್ಲ. ಆದರೆ ತಟ್ಟುವುದು ನಿಂತಿತು.

ಉಪ್ಪಕ್ಕ ಪಾದ್ರಿಯ ಮುಖ ನೋಡಿದಳು. ಅವರ ಮಾತಿಲ್ಲದೆ ಇನ್ನೊಂದು ತಟ್ಟೆಗೆ ಕೈ ಹಾಕಲು ಮನಸ್ಸು ಬರಲಿಲ್ಲವಂತೆ. ಪಾದ್ರಿ ತಾವೇ ಹೋಗಿ ತಟ್ಟೆಯೊಂದನ್ನು ತಂದು ಗೋಡೆ ಕಡೆಯ ಕುರ್ಚಿಯ ಮುಂದೆ ಇಟ್ಟರು. ಆಮೇಲೆ ಕೂತು, ಒಮ್ಮೆ ಮುಗಿಸಿದ್ದ ಊಟದ ಪ್ರಾರ್ಥನೆಯನ್ನು ಮತ್ತೆ ಮೊದಲಿನಿಂದ ಹೇಳಿದರು. ನನಗೆ ಅವರ ಭಾಷೆ ಬರುತ್ತಿರಲಿಲ್ಲ. ಆಮೇಲೆ ಗುಬ್ಬಿ ಹೇಳಿದಳು: "ಅಪ್ಪ 'ನಾಲ್ಕು ಜನಕ್ಕೂ' ಅಂದ್ರು."

ಊರು ಬಿಟ್ಟು ಹೋಗುತ್ತಾರೆ ಅಂದುಕೊಂಡೆವು. ಹೋಗಲಿಲ್ಲ. ಒಂದು ವಾರ ಪಾದ್ರಮ್ಮ ಜಗಲಿಯ ಕೆಲಸ ಮುಗಿದ ಮೇಲೂ ಮನೆಗೆ ಬರದೆ ನಮ್ಮ ಅಂಗಡಿಯಲ್ಲಿ ಕೂತು ಅಮ್ಮನ ಜೊತೆ ಹಾಳೆ ಮಡಿಸಿದರು. ಆಮೇಲೆ ಅದೂ ನಿಂತಿತು. ಆ ಮನೆಯಲ್ಲಿ ಇನ್ನೂ ಆರು ವರ್ಷ ಇದ್ದರು. ಪಾದ್ರಿ ಒಂದು ಪ್ರಸಂಗದಲ್ಲೂ ಈ ಮಾತು ಎತ್ತಲಿಲ್ಲ. ಯಾರಿರಬಹುದು ಅಂತ ಮಂದಿರದ ಹಳೆಯ ಕಾಗದಗಳನ್ನೆಲ್ಲ ಹುಡುಕಿಸಿದರಂತೆ. ಆ ಮನೆಯಲ್ಲಿ ಸತ್ತವರ ಸುದ್ದಿ ಎಲ್ಲೂ ಸಿಗಲಿಲ್ಲ. ಆಮೇಲೆ ಆಮೇಲೆ ಅವರೂ ಕೋಣೆಯ ಮುಂದೆ ಹಾಯುವಾಗ ದನಿ ತಗ್ಗಿಸುವುದನ್ನು ರೂಢಿ ಮಾಡಿಕೊಂಡರು, ಮನೆಯಲ್ಲಿ ಹಿರಿಯರೊಬ್ಬರು ಮಲಗಿದ್ದಾರೇನೋ ಎಂಬಂತೆ.

ಉಪ್ಪಕ್ಕ ಮಾತ್ರ ಬದಲಾದಳು. ಅಡುಗೆಮನೆಯಲ್ಲಿ ಗುನುಗುತ್ತಿದ್ದವಳು ಮೌನವಾದಳು. ಒಂದೆರಡು ವರ್ಷವಾದ ಮೇಲೆ, ಮನೆಯವರೆಲ್ಲ ಹೊರಗೆ ಹೋಗಿದ್ದ ಒಂದು ದಿನ, ನಾಲ್ಕನೇ ತಟ್ಟೆಯ ಎದುರಿನ ಕುರ್ಚಿಯಲ್ಲಿ ಕೂತು, "ಆಗ ಒಬ್ಳೇ ಇದ್ದಾಗ ಹೇಳಿದ್ದೆಲ್ಲ ನಿಜಾನೇ. ಆದ್ರೆ ನನ್ನ ಗಂಡ ಒಂದೊಂದ್ಸಲ ಒಳ್ಳೆಯೋನೂ ಆಗಿದ್ದ. ಅದನ್ನ ಹೇಳಿರ್ಲಿಲ್ಲ" ಅಂದಳಂತೆ. ಅವತ್ತು ಅವಳಿಗೆ ಅವನಿಗಾಗಿ ಅಳು ಬಂತು. ಸತ್ತು ಹದಿನಾಲ್ಕು ವರ್ಷದ ಮೇಲೆ, ಮೊದಲನೇ ಸಲ.

ಗುಬ್ಬಿಯ ಓದಿಗಾಗಿ ಆ ಸಂಸಾರ ತಮ್ಮ ದೇಶಕ್ಕೆ ಹಿಂತಿರುಗಿತು. ಹೊರಡುವಾಗ ಅವಳು ಉಪ್ಪಕ್ಕನ ಕುತ್ತಿಗೆಗೆ ಜೋತುಬಿದ್ದು ಬಿಡಲೇ ಇಲ್ಲ. ಅಲ್ಲಿಗೆ ಹೋದ ಮೇಲೆ ತನ್ನ ದೇಶವೇ ತನಗೆ ಪರದೇಶದಂತೆ ಆಗಿದೆ, ಎಲ್ಲರೂ ಬಾಗಿಲು ತಟ್ಟದೆ ನುಗ್ಗುತ್ತಾರೆ ಅಂತ ನನಗೆ ಬರೆದಿದ್ದಳು. ಮಂದಿರದವರು ಮತ್ತೆ ಹೊರಗಿನವರನ್ನು ಕರೆಸಲಿಲ್ಲ, ಮನೆಗೆ ಬೀಗ ಹಾಕಿದರು. ಉಪ್ಪಕ್ಕ ನರ್ಸುಗಳ ಹಾಸ್ಟೆಲ್ಲಿನಲ್ಲಿ ಹದಿಮೂರು ವರ್ಷ ದುಡಿದು, ಮಂಡಿ ನೋವು ಜಾಸ್ತಿಯಾಗಿ ನಮ್ಮ ಅಂಗಡಿಯ ಹಿಂದಿನ ಕೋಣೆಗೆ ಬಂದು ಸೇರಿದಳು. ಅಪ್ಪ ಹೋದ ಮೇಲೆ ಅಂಗಡಿ ನಡೆಸುತ್ತಿರುವುದು ನಾನು.

ಹೋದ ವರ್ಷ ಆ ಮನೆಯ ಬೀಗ ತೆಗೆದರು. ಹೊಸದಾಗಿ ಮದುವೆಯಾದ ಗುಮಾಸ್ತನೊಬ್ಬ ಹೆಂಡತಿಯನ್ನು ಕರೆದುಕೊಂಡು ಬಾಡಿಗೆಗೆ ಬಂದ. ಬಂದ ನಾಲ್ಕನೇ ದಿನ ಉಪ್ಪಕ್ಕ ಸೀರೆ ಬದಲಿಸಿಕೊಂಡು, ಕೋಲೂರಿಕೊಂಡು ಹೊರಟಳು.

"ಎಲ್ಲಿಗೆ?" ಅಂದೆ.

"ಅಡುಗೆಗೆ ಜನ ಬೇಕಾ ಅಂತ ಕೇಳ್ಕೊಂಡು ಬರ್ತೀನಿ."

"ಈ ಕಾಲು ಇಟ್ಕೊಂಡಾ? ನಿಂಗೇನಾಗಿದೆ ಉಪ್ಪಕ್ಕ?"

"ಹದಿನೈದು ವರ್ಷ ಬೀಗ ಹಾಕಿದ್ರಲ್ಲೇ, ಬಡಿಸೋರು ಯಾರಿದ್ರು?" ಅಂದಳು. ಅಷ್ಟೇ ಹೇಳಿ ರಸ್ತೆ ದಾಟಿದಳು.

ಈಗ ಬೆಳಿಗ್ಗೆ ಏಳಕ್ಕೆ ಹೋಗಿ ಮಧ್ಯಾಹ್ನ ಮೂರಕ್ಕೆ ಬರುತ್ತಾಳೆ. ಅವರಿಗೆ ಏನು ಹೇಳಿದ್ದಾಳೆ, ಏನು ಬಿಟ್ಟಿದ್ದಾಳೆ ನಾನು ಕೇಳಿಲ್ಲ. ಮೊನ್ನೆ ಗುಮಾಸ್ತನ ಹೆಂಡತಿ ಒಂದು ಹಳೆಯ ಪುಸ್ತಕ ಕಟ್ಟಿಸಲು ಅಂಗಡಿಗೆ ಬಂದಿದ್ದಳು. ಮೊದಲು ಮೂರು ದಿನ ಆ ಮನೆಯಲ್ಲಿ ಒಬ್ಬಳೇ ಇರಲು ಜೀವ ಹೋದ ಹಾಗಾಗುತ್ತಿತ್ತಂತೆ. ಉಪ್ಪಕ್ಕ ಬಂದ ಮೇಲೆ, ಅವಳು ಮನೆಗೆ ಹೋದ ನಂತರವೂ, ಏನೂ ಅನ್ನಿಸುವುದಿಲ್ಲವಂತೆ.