ದೇಯಕ್ಕನ ಮನೆಗೆ ಹೋಗುತ್ತಿದ್ದ ಹ್ಯಾಂಡಲ್

ಟಪ್ಪೆಂದು ಗೋಲಿ ಬಾಟ್ಲಿಯೊಳಗೆ ಬಿದ್ದ ಸದ್ದಿಗೆ ನಿನ್ನೆ ನಾನು ಕೂತಲ್ಲಿಂದ ಎದ್ದೇಬಿಟ್ಟೆ. ಮೊಮ್ಮಗಳು ಅಶ್ವಿತಾ ಪೇಟೆಯಲ್ಲಿ ಕೂಲ್ ಬಾರ್ ತೆರೆದಿದ್ದಾಳೆ, ಮೊದಲ ಸೋಡ ಒಡೆದದ್ದು ನನಗೆ! ನಿಮಗೆ ಹೇಳದೆ ಯಾರಿಗೆ ಹೇಳಲಿ, ಈ ಖುಷಿ ನನ್ನೊಳಗೆ ಹಿಡಿಸುತ್ತಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಓರೆಕೋರೆಯಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

"ಸಾಲ ಉಂಟಾ ಮಗಾ?" ಎಂದು ಕೇಳಿದೆ.

"ಬ್ಯಾಂಕಿನದ್ದು ಉಂಟಜ್ಜಿ."

"ಅವರು ಎಂತ ತಕ್ಕೊಂಡು ಹೋದ್ರು?"

"ತಕ್ಕೊಂಡು ಹೋಗ್ಲಿಕ್ಕೆ ಎಂತ ಉಂಟು? ಸೈನು ಹಾಕಿಸಿದ್ರು, ಅಷ್ಟೆ."

ನನಗೆ ನಂಬಿಕೆ ಬರಲಿಲ್ಲ. ನಮ್ಮಿಂದ ಹ್ಯಾಂಡಲ್ ತೆಗೆದುಕೊಳ್ಳುತ್ತಿದ್ದರು.

ನಮ್ಮ ಊರು ಆಗ ಮದ್ರಾಸಿಗೆ ಸೇರಿತ್ತು. ನಾನು ಮದುವೆಯಾಗಿ ನೆಕ್ರಾಜೆಗೆ ಬಂದಾಗ ನಮ್ಮವರದು ಸೋಡ ಮಾಡುವ ಕಸುಬು. ನೀರು ತುಂಬಿದ ಬಾಟ್ಲಿಯನ್ನು ಮೆಷಿನಿಗೆ ಸಿಕ್ಕಿಸಿ ಹ್ಯಾಂಡಲ್ ತಿರುಗಿಸಿದರೆ ಗ್ಯಾಸು ನೀರಿಗೆ ಸೇರಿ ಗೋಲಿ ಬಂದು ಬಾಯಿಗೆ ಕೂರುತ್ತದೆ. ನೋಡಲು ಚಂದ, ತಿರುಗಿಸಲು ಅಲ್ಲ; ನನ್ನ ಬಲತೋಳು ಈಗಲೂ ಎಡದ್ದಕ್ಕಿಂತ ದಪ್ಪ. ಮೆಷಿನಿಗೆ ಹಣ ಕೊಟ್ಟವರು ಆಚೆ ಮನೆಯ ದೇಯಕ್ಕ. ಗಂಡನಿಲ್ಲದ ಹೆಂಗಸು, ಕೈಯ ಬಳೆ ಮಾರಿ ಕೊಟ್ಟದ್ದು. ಕರಾರು ಬಾಯಿಮಾತಿನದು. ತಿಂಗಳಿಗೊಂದು ಕಂತು, ಒಂದು ತಪ್ಪಿದರೂ ಮೆಷಿನು ಅವರದು. ಸಾಲ ತೀರುವ ತನಕ ಹೊತ್ತು ಮುಳುಗುವಾಗ ಹ್ಯಾಂಡಲ್ ಬಿಚ್ಚಿ ಅವರ ಮನೆಗೆ ಮುಟ್ಟಿಸಬೇಕು, ಬೆಳಿಗ್ಗೆ ಹೋಗಿ ತರಬೇಕು. ರಾತ್ರೋರಾತ್ರಿ ನಾವು ಮೆಷಿನು ಮಾರಿ ಎಲ್ಲಿಗಾದರೂ ಓಡಿದರೆ ಎಂಬ ಹೆದರಿಕೆ ಅವರಿಗೆ. ಹ್ಯಾಂಡಲ್ ಇಲ್ಲದ ಮೆಷಿನನ್ನು ಯಾರು ಕೊಳ್ಳುತ್ತಾರೆ!

ಹೊರುವ ಕೆಲಸ ನನ್ನದು. ಸೊಂಟಕ್ಕೆ ಒತ್ತಿ ಹಿಡಿದು ಮೇಲಿಂದ ಸೆರಗು ಮುಚ್ಚುತ್ತಿದ್ದೆ. ಆದರೂ ಓಣಿಯ ಹೆಂಗಸರು ಬಿಡಬೇಕಲ್ಲ. "ಎಂತ ಮದುಮಗಳೇ, ಶಿಶುವನ್ನು ಮಲಗಿಸ್ಲಿಕ್ಕೆ ಹೊರಟದ್ದಾ?" ಎನ್ನುವರು. ನಾನು ತಲೆ ತಗ್ಗಿಸಿ ಓಡುವವಳು. ಮಧ್ಯಾಹ್ನ ಕಳೆದರೆ ಸಾಕು, ಬಿಸಿಲು ಎಲ್ಲಿಗೆ ಇಳಿಯಿತೆಂದು ನೋಡುವುದೇ ನನ್ನ ಕೆಲಸ.

ಒಮ್ಮೆ ಮಳೆಗಾಲ ಕಳೆದದ್ದೇ ಗುಡ್ಡದಾಚೆ ಕುಂಬ್ಡಾಜೆಯ ಕಡೆಯ ಮದುವೆಗೆ ಸೋಡ ಕೊಡಲಿಕ್ಕಿತ್ತು. ವ್ಯಾಪಾರ ಮಂಕಾಗಿದ್ದ ತಿಂಗಳು, ಕಂತಿನ ಹಣ ಪೂರಾ ಅದರಲ್ಲೇ ಹುಟ್ಟಬೇಕು. ಮದುವೆಯ ಮುಂಚಿನ ದಿನ ಬೆಳಿಗ್ಗೆ ಹೋಗಿ ನೋಡುತ್ತೇನೆ, ದೇಯಕ್ಕನ ಬಾಗಿಲಿಗೆ ಬೀಗ!

"ಆಚಾರಿಯ ಹತ್ರ ಬೇರೆ ಹ್ಯಾಂಡಲ್ ಮಾಡಿಸುವ" ಎಂದೆ.

ನಮ್ಮವರು ಬಾಟ್ಲಿ ತೊಳೆಯುತ್ತಿದ್ದರು. "ಮತ್ತೆ ದೇಯಕ್ಕನ ಹತ್ರ ಇರುವುದು ಎಂತ? ಗುಜರಿ ಕಬ್ಬಿಣವಾ?"

"ಮೆಷಿನೇ ಹೋದ್ರೆ?"

"ಹೋಗ್ಲಿ. ಮಾತು ಕೊಟ್ಟಾಗಿದೆ."

ಹಾಗೆಂದವರು ತೊಳೆದ ಬಾಟ್ಲಿಯನ್ನೇ ಮತ್ತೆ ಮತ್ತೆ ತೊಳೆದರು. ನಾನು ಅಂಗಳಕ್ಕೂ ಒಳಗೂ ತಿರುಗಿದೆ. ಕೊನೆಗೆ ನೀರಿಗೆ ಬಂದ ಹೆಂಗಸೊಬ್ಬಳು, "ದೇಯಕ್ಕನಾ? ನಸುಕಿಗೇ ಕುಂಬ್ಡಾಜೆ ಮದುವೆಗೆ ಹೋದ್ರಲ್ಲ!" ಎಂದಳು. ನಮ್ಮ ಸೋಡ ಹೋಗಬೇಕಾದ ಅದೇ ಮದುವೆಗೆ. ನಾನು ಗುಡ್ಡ ಹತ್ತಿದೆ. ಓಡಿದೆನೋ ನಡೆದೆನೋ ನೆನಪಿಲ್ಲ, ಒಂದು ಚಪ್ಪಲಿ ದಾರಿಯಲ್ಲಿ ಹೋದದ್ದು ನೆನಪುಂಟು.

ಮದುವೆಮನೆಯ ಚಪ್ಪರದಲ್ಲಿ ಹೆಂಗಸರ ನಡುವೆ ಕೂತು ದೇಯಕ್ಕ ಸೌತೆಕಾಯಿ ಹೆಚ್ಚುತ್ತಿದ್ದರು. ನನ್ನನ್ನು ಕಂಡದ್ದೇ, "ಸೋಡ ಬಂತಾ? ಈ ಆರ್ಡರ್ ನಾನೇ ಹೇಳಿ ಕೊಡಿಸಿದ್ದು, ನನ್ನ ಮರ್ಯಾದೆ ತೆಗೀಬೇಡಿ ಆಯ್ತಾ!" ಎಂದು ಗದರಿದರು.

"ಹ್ಯಾಂಡಲ್ ಎಲ್ಲಿ ದೇಯಕ್ಕಾ?"

ಅವರ ಕೈ ನಿಂತಿತು. ಮೆಲ್ಲ ಎದ್ದು ಹೋಗಿ ತಮ್ಮ ಗಂಟು ತಂದು ಬಿಚ್ಚಿದರು. ಮದುವೆಗೆಂದು ತಂದ ಪಟ್ಟೆಸೀರೆಯ ಮಡಿಕೆಯೊಳಗೆ ನಮ್ಮ ಹ್ಯಾಂಡಲ್!

"ಖಾಲಿ ಮನೆಯಲ್ಲಿ ಬಿಡ್ಲಿಕ್ಕೆ ಧೈರ್ಯ ಬರ್ಲಿಲ್ಲ ಮಾರಾಯ್ತಿ. ಗುಡ್ಡ ಹತ್ತುವಾಗ ಇದೆಂತ ಭಾರ, ಇದೆಂತ ಭಾರ ಅಂತ ಬೈದುಕೊಂಡೇ ಹೊತ್ತದ್ದು. ನಿಮಗೆ ಬೇಕಾದೀತು ಅಂತ ತಲೆಗೇ ಹೋಗ್ಲಿಲ್ಲ."

ಚಪ್ಪರವಿಡೀ ನಕ್ಕಿತು. ದೇಯಕ್ಕನೂ ನಕ್ಕರು, ಸ್ವಲ್ಪ ತಡವಾಗಿ. ಆಮೇಲೆ ಹ್ಯಾಂಡಲನ್ನು ನನ್ನ ಕೈಗಿಟ್ಟು, "ಇನ್ನು ಸಂಜೆ ತರಬೇಡ. ನೀವು ಓಡ್ತೀರಿ ಅಂತ ನಾನು ನಿದ್ದೆಗೆಟ್ಟದ್ದು ಸಾಕು" ಎಂದರು.

"ಕಂತು?"

"ಅದನ್ನು ಬಿಟ್ಟೆ ಅಂತ ಯಾರು ಹೇಳಿದ್ದು? ಓಡು, ಸೋಡ ತಾ!"

ಸೋಡ ಹೊತ್ತಿಗೆ ಮುಟ್ಟಿತು, ಕಂತೂ ಮುಟ್ಟಿತು, ಮುಂದೆ ಸಾಲವೂ ತೀರಿತು. ಆದರೆ ನನ್ನ ಕಾಲುಗಳಿಗೆ ಅದು ತಿಳಿಯಲೇ ಇಲ್ಲ. ಇಷ್ಟು ವರ್ಷ ಕಳೆದರೂ ಹೊತ್ತು ಮುಳುಗುವಾಗ ಕೂತಲ್ಲಿ ಕೂರಲಾಗದು. ಎಂತದೋ ಕೊಡಲು ಬಾಕಿ ಇದ್ದ ಹಾಗೆ ಎದ್ದು ಬೇಲಿಬಾಯಿಯ ದಣಪೆಯ ತನಕ ಹೋಗಿ ಬರುತ್ತೇನೆ. "ಅಜ್ಜಿಯ ಬಸ್ಸು ಹೊರಟಿತು" ಎಂದು ಮನೆಯವರು ನಗುತ್ತಾರೆ.

ನಿನ್ನೆ ಮಾತ್ರ ಅಶ್ವಿತಾಳ ಅಂಗಡಿಯಲ್ಲಿ ಬಂದವರನ್ನೆಲ್ಲ ಮಾತಾಡಿಸುತ್ತಾ, ನೊರೆ ಉಕ್ಕುವುದನ್ನು ನೋಡುತ್ತಾ ಕೂತಿದ್ದೆ. ತಲೆಯೆತ್ತಿದರೆ ಬೀದಿದೀಪ ಉರಿಯುತ್ತಿದೆ. ಹೊತ್ತು ಮುಳುಗಿದ್ದೇ ಗೊತ್ತಾಗಿರಲಿಲ್ಲ! ಅವಳು ಶಟರ್ ಎಳೆದು, ಬೀಗ ಹಾಕಿ, ಕೀಲಿಕೈಯನ್ನು ನನ್ನ ಕೈಗೆ ಕೊಟ್ಟು ಸ್ಕೂಟರ್ ತೆಗೆಯಲು ಹೋದಳು.

"ಇದನ್ನು ಯಾರ ಮನೆಗೆ ಕೊಡುವುದು ಮಗಾ?"

"ನಮ್ಮ ಮನೆಗೇ ಅಜ್ಜಿ. ಎಂತ ಕೇಳುದು ನೀನು! ಗಟ್ಟಿ ಹಿಡ್ಕೋ."

ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸೆರಗು ಮುಚ್ಚಲಿಲ್ಲ.